ನಲವತ್ತಕ್ಕೆ ನಡುಗುವ ಗಾಡಿ

ಬೈಲಹೊಂಗಲದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮಡಿವಾಳೆಪ್ಪನಿಗೆ ಒಂದು ಅಡ್ಡಹೆಸರಿತ್ತು. ಅವನೆದುರಿಗೆ ಯಾರೂ ಅನ್ನುತ್ತಿರಲಿಲ್ಲ, ಅವನು ಅತ್ತ ಹೋದನೆಂದರೆ ಸಾಕು, 'ಕೀಲಿ ಮಡಿವಾಳ' ಹೋದ ನೋಡು ಎನ್ನುತ್ತಿದ್ದರು. ತಪ್ಪೇನಿಲ್ಲ ಬಿಡಿ. ಎದುರಿಗೇ ಇರುವ ಚಹಾದಂಗಡಿಗೆ ಹೋಗಬೇಕಾದರೂ ತನ್ನ ಅಂಬಾಸಿಡರಿನ ನಾಲ್ಕೂ ಬಾಗಿಲಿಗೆ ಕೀಲಿ ಜಡಿದು, ಒಂದೊಂದನ್ನೂ ಎಳೆದು ನೋಡಿ, ಡಿಕ್ಕಿ ಎಳೆದು ನೋಡಿ, ಅರ್ಧ ದಾರಿಗೆ ಹೋದವನು ತಿರುಗಿ ಬಂದು ಡ್ರೈವರ್ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡುವ ಮನುಷ್ಯನಿಗೆ ಇನ್ನೇನು ಹೆಸರಿಡಬೇಕು? ಡೀಸೆಲ್ ಹಾಕಿಸುವಾಗ ಅವನ ಒಂದು ಕಣ್ಣು ಮೀಟರಿನ ಮೇಲೆ, ಇನ್ನೊಂದು ಪೈಪಿನ ಮೇಲೆ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವ ಮೊದಲು ತೂಕದ ಕಲ್ಲನ್ನು ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದ. ಹಾಲಿನವಳು, ಹಜಾಮ, ದೇವರಗುಡಿಯ ಮುಂದೆ ಚಪ್ಪಲಿ ಕಾಯುವವಳು, ಯಾರೂ ಅವನ ಸಂಶಯದಿಂದ ಪಾರಾಗಿರಲಿಲ್ಲ.

ಸುಮ್ಮನೆ ಬಂದ ಗುಣವಲ್ಲ ಅದು. ಹರೆಯದಲ್ಲಿ ದಾಯಾದಿಯೊಬ್ಬನ ಜೊತೆ ಪಾಲಿನಲ್ಲಿ ಜೀಪು ಇಟ್ಟಿದ್ದ. ಮಡಿವಾಳೆಪ್ಪ ಜ್ವರ ಬಂದು ಮಲಗಿ ಏಳುವಷ್ಟರಲ್ಲಿ ಆ ಮಹಾಶಯ ಒಳ್ಳೆಯ ಇಂಜಿನ್ ಇಳಿಸಿ ಮಾರಿ, ಗುಜರಿ ಇಂಜಿನ್ ಏರಿಸಿ, ಏನೂ ಆಗದವನಂತೆ ಹಾಲು ಬ್ರೆಡ್ಡು ತೆಗೆದುಕೊಂಡು ಮಾತಾಡಿಸಲು ಬಂದಿದ್ದ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ಮಡಿವಾಳೆಪ್ಪ ನೀರನ್ನೂ ಊದಿ ಕುಡಿಯಲು ಕಲಿತ.

ಇಂಥವನು ನಂಬಿದ್ದು ಇಡೀ ಊರಲ್ಲಿ ಒಬ್ಬನನ್ನೇ, ಗ್ಯಾರೇಜಿನ ನೀಲಪ್ಪನನ್ನು. ಇಬ್ಬರೂ ಒಂದೇ ಸಾಲಿಯಲ್ಲಿ ಒಂದೇ ತರಗತಿಗೆ ನಪಾಸಾದವರು. ಇಬ್ಬರ ಹೆಂಡಿರೂ ಸಂಗೊಳ್ಳಿಯ ಹೆಣ್ಣುಮಕ್ಕಳು, ಒಂದೇ ಓಣಿಯಲ್ಲಿ ಬೆಳೆದವರು. ಸವದತ್ತಿ ರಸ್ತೆಯ ಬದಿಗೆ ತಗಡಿನ ಬಾಗಿಲಿನ ಒಂದು ಬಾಡಿಗೆ ಕೋಣೆಯಲ್ಲಿ ನೀಲಪ್ಪ ಕೆಲಸ ಮಾಡುತ್ತಿದ್ದ. ಬೋರ್ಡಿಲ್ಲ, ಬಣ್ಣವಿಲ್ಲ, ಹೆಸರೊಂದೇ ಬಂಡವಾಳ. ನೀಲಪ್ಪ ಮುಟ್ಟಿದ ಗಾಡಿ ಎಂದರೆ ಕೊಳ್ಳುವವನು ಮರುಮಾತಾಡದೆ ಕೊಳ್ಳುತ್ತಿದ್ದ. 'ನಂಬಿದ್ದು' ಎಂದೆನಲ್ಲ, ಅದನ್ನೂ ಸ್ವಲ್ಪ ಊದಿಯೇ ಕುಡಿಯಬೇಕು. ಗಾಡಿ ಬಿಚ್ಚಿದಾಗೆಲ್ಲ ಮಡಿವಾಳೆಪ್ಪ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದ. ನೀಲಪ್ಪ ನಕ್ಕು ಸುಮ್ಮನಾಗುತ್ತಿದ್ದ.

ತೊಂಬತ್ತೆಂಟರ ದಸರೆಯ ಮುಂದೆ ಗಾಡಿಗೆ ಒಂದು ಹೊಸ ರೋಗ ಬಂತು. ಗೇರು ಹಾಕಿ ಕ್ಲಚ್ ಬಿಟ್ಟ ಕೂಡಲೇ ಕಾಲಡಿಯಲ್ಲಿ ಟಕ್ಕೆಂದು ಸದ್ದು. ನೀಲಪ್ಪ ಕೆಳಗೆ ತೂರಿ, ಕೈಯಿಂದ ಒಮ್ಮೆ ಅಲುಗಾಡಿಸಿ, ಹೊರಗೆ ಬರುವ ಮೊದಲೇ ರೋಗ ಹೇಳಿದ. ಗೇರ್ ಬಾಕ್ಸಿನಿಂದ ಹಿಂದಿನ ಗಾಲಿಗಳಿಗೆ ತಿರುಗುವ ಶಕ್ತಿ ಒಯ್ಯುವ ಉದ್ದನೆಯ ಕಬ್ಬಿಣದ ಕೊಳವೆ ಇರುತ್ತದಲ್ಲ, ಪ್ರೊಪೆಲ್ಲರ್ ಶಾಫ್ಟು, ಅದರ ಕೀಲಿನಲ್ಲಿರುವ ಶಿಲುಬೆಯಾಕಾರದ ತುಂಡು, ಕ್ರಾಸು, ಸವೆದಿತ್ತು. ಶಾಫ್ಟು ಇಳಿಸಿದರು. ಇಳಿಸುವ ಮೊದಲು ಅದರ ತುದಿಯ ತಟ್ಟೆ ಮತ್ತು ಹಿಂದಿನ ಆಕ್ಸಲಿನ ತಟ್ಟೆ ಎರಡೂ ಕೂಡುವ ಕಡೆ ನೀಲಪ್ಪ ಸೀಮೆಸುಣ್ಣದಿಂದ ಒಂದೇ ನೇರಕ್ಕೆ ಗೆರೆ ಎಳೆದ. ಹಳೆಯ ಗಾಡಿಯಲ್ಲಿ ಆ ಎರಡು ತಟ್ಟೆಗಳು ವರ್ಷಗಟ್ಟಲೆ ಒಂದೇ ರೀತಿ ಕೂತು ಹೊಂದಿಕೊಂಡಿರುತ್ತವೆ, ತಿರುಗಿಸಿ ಕೂಡಿಸಿದರೆ ಸಂಸಾರ ಕೆಡುತ್ತದೆ. ಬೇರೆ ಮಿಸ್ತ್ರಿಗಳಾದರೆ ಉಳಿಯಿಂದ ಕಚ್ಚು ಹಾಕುತ್ತಾರೆ. ಮಂದಿಯ ಗಾಡಿಗೆ ಗಾಯ ಮಾಡಬಾರದೆಂಬುದು ನೀಲಪ್ಪನ ನೇಮ.

ಹೊಸ ಕ್ರಾಸು ಹುಬ್ಬಳ್ಳಿಯಿಂದ ಬರಬೇಕಿತ್ತು. ಅಷ್ಟರಲ್ಲಿ ಖಂಡೇಪೂಜೆ ಬಂತು. ಅವತ್ತು ಪಾನಾ, ಸುತ್ತಿಗೆ, ಜಾಕು ಎಲ್ಲ ತೊಳೆದು ಪೂಜೆಗೆ ಕೂಡಿಸಿದರೆ ಬನ್ನಿ ಮುಡಿಯುವತನಕ ಯಾರೂ ಮುಟ್ಟುವಂತಿಲ್ಲ. ಬಿಚ್ಚಿದ ಶಾಫ್ಟು ಗ್ಯಾರೇಜಿನ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿತ್ತು. ಮಡಿವಾಳೆಪ್ಪನಿಗೆ ಆ ಹಳೆಯ ಜೀಪಿನ ಇಂಜಿನ್ ನೆನಪಾಯಿತು. ಗೋಣಿಚೀಲ ಹಿಡಿದುಕೊಂಡು ಹೋಗಿ, ನನ್ನ ಗಾಡಿಯ ಸಾಮಾನಿಗೆ ನನ್ನ ಮನೆಯಲ್ಲೇ ಪೂಜೆಯಾಗಬೇಕು ಎಂದ. ನೀಲಪ್ಪ ಅವನ ಮುಖವನ್ನು ಒಂದು ಗಳಿಗೆ ನೋಡಿದ, ಬಳಿಕ ತಾನೇ ಎತ್ತಿ ಚೀಲದಲ್ಲಿ ಇಳಿಸಿಕೊಟ್ಟ. ಮನೆಯಲ್ಲಿ ಹೆಂಡತಿ ತಂಗೆವ್ವನ ವಶಕ್ಕೆ ಕೊಟ್ಟು, ಇದನ್ನು ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡು, ಹೊರಗಿನವರು ಯಾರೂ ಮುಟ್ಟಬಾರದು ಎಂದ. ಸಂಜೆ ಕೈಮುಗಿಯಲು ಬಂದಾಗ ಶಾಫ್ಟು ಚೆಂಡುಹೂವಿನಲ್ಲಿ ಮುಚ್ಚಿಹೋಗಿತ್ತು. ಅವನು ನೋಡಿದ್ದು ಹೂವನ್ನೇ.

ಬನ್ನಿ ಮುಡಿದ ಮರುದಿನ ಗೆಳೆಯರಿಬ್ಬರೂ ಎಲೆ ಕೊಟ್ಟು ತೆಗೆದುಕೊಂಡು, ಬಂಗಾರದಂಗ ಇರೋಣ ಎಂದು ಎದೆಗೆ ಎದೆ ಹಚ್ಚಿದರು. ಹೊಸ ಕ್ರಾಸೂ ಬಂದಿತ್ತು. ತಂಗೆವ್ವ ಚೀಲದಲ್ಲಿ ತುಂಬಿಕೊಟ್ಟ ಶಾಫ್ಟನ್ನು ಮಡಿವಾಳೆಪ್ಪ ಹಾಗೇ ತಂದಿಳಿಸಿದ, ನೀಲಪ್ಪ ಕೀಲಿನ ತುದಿಯಷ್ಟೇ ಹೊರಗೆಳೆದು ಕೆಲಸಕ್ಕೆ ಕೂತ. ಅರ್ಧದಲ್ಲಿ, ಹಬ್ಬದ ಆಯಾಸಕ್ಕೆ ಎರಡು ಚಹಾ ಹೇಳಿ ಬಾ ಎಂದು ಮಡಿವಾಳೆಪ್ಪನನ್ನು ಕಳಿಸಿದ. ಚಹಾ ಹೇಳಿ ಬರುವಷ್ಟರಲ್ಲಿ ಶಾಫ್ಟು ಮೇಲೇರಿ ಬೋಲ್ಟು ಬಿಗಿದಾಗಿತ್ತು. ಟಕ್ಕೆನ್ನುವ ಸದ್ದೇನೋ ಹೋಯಿತು. ಆದರೆ ಅವತ್ತೇ ಸವದತ್ತಿಗೆ ಬಾಡಿಗೆ ಹೊರಟಾಗ, ಊರು ದಾಟಿ ಸ್ಪೀಡಿನ ಮುಳ್ಳು ನಲವತ್ತಕ್ಕೆ ಬರುತ್ತಲೇ ಗಾಡಿ ನಡುಗಲು ಹತ್ತಿತು. ಸ್ಟೇರಿಂಗು ಸ್ಥಿರವಾಗಿದೆ, ಕೆಳಗಿನ ತಗಡು ಮಾತ್ರ ಗುಂಯ್ ಎನ್ನುತ್ತಿದೆ, ಕೂತ ಸೀಟಿನಿಂದ ಬೆನ್ನುಹುರಿಗೆ ಏರುತ್ತಿದೆ. ಅರವತ್ತು ದಾಟಿದರೆ ಕಡಿಮೆ, ಇಳಿಸಿದರೆ ಮತ್ತೆ ಅದೇ ಗುಂಯ್. ಹಿಂದೆ ಕೂತ ಮುದುಕಿ, ಗಾಡಿಗೆ ಚಳಿಜ್ವರ ಬಂದೈತೇನಪಾ ಎಂದು ಕೇಳಿದಳು.

ಬೇರೆ ಯಾರಾದರೂ ಆಗಿದ್ದರೆ ನೆಟ್ಟಗೆ ತಿರುಗಿಸಿಕೊಂಡು ನೀಲಪ್ಪನ ಹತ್ತಿರ ಹೋಗಿ, ಇದೇನೋ ನಡುಗಾಕ ಹತ್ತೈತಿ ನೋಡು ಎನ್ನುತ್ತಿದ್ದರು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಂಶಯದವನು ಕೇಳುವುದಿಲ್ಲ, ಹುಡುಕುತ್ತಾನೆ. ಮಡಿವಾಳೆಪ್ಪ ರಸ್ತೆಯ ಬದಿಗೆ ನಿಲ್ಲಿಸಿ ಟವೆಲ್ಲು ಹಾಸಿ ಕೆಳಗೆ ಬಗ್ಗಿ ನೋಡಿದ. ತನ್ನ ಶಾಫ್ಟು ಎಣ್ಣೆ, ಕೆಸರು, ಮಸಿ ಮೆತ್ತಿಕೊಂಡು ಎಮ್ಮೆಯ ಬಾಲದಂತಿತ್ತು. ಇಲ್ಲಿರುವುದು ಹೊಳೆಯುತ್ತಿದೆ. ಹಳೆಯದೊಂದನ್ನು ತಿಕ್ಕಿ ಹೊಳಪು ಮಾಡಿ ಏರಿಸಿದ್ದಾನೆ, ನನ್ನದನ್ನು ಇಳಿಸಿದ್ದಾನೆ. ಯಾವಾಗ? ಚಹಾ ಹೇಳಲು ಹೋದಾಗ. ಚಹಾ ಯಾಕೆ? ಅದಕ್ಕೇ. ಎಲ್ಲವೂ ಹಲ್ಲಿಗೆ ಹಲ್ಲು ಕೂತಂತೆ ಕೂತುಬಿಟ್ಟಿತು. ಸುಳ್ಳಿನ ಗುಣವೇ ಅದು ನೋಡಿ, ಖರೇ ಸಂಗತಿ ಇಷ್ಟು ಚೊಕ್ಕವಾಗಿ ಎಂದೂ ಕೂಡುವುದಿಲ್ಲ.

ಸವದತ್ತಿಯಲ್ಲಿ ಒಬ್ಬ ಮಿಸ್ತ್ರಿಗೆ ತೋರಿಸಿದ. ಅವನು ತಪ್ಪನ್ನು ಗಾಲಿಯ ಮೇಲೆ ಹಾಕಿ, ಮುಂದಿನದನ್ನು ಹಿಂದೆ ಹಿಂದಿನದನ್ನು ಮುಂದೆ ಮಾಡಿದ. ನಡುಕ ಹೋಗಲಿಲ್ಲ. ರಾಮದುರ್ಗಕ್ಕೆ ಬಾಡಿಗೆ ಹೋದಾಗ ರಾಮಲಿಂಗಪ್ಪ ಎಂಬ ಮುದುಕ ಮಿಸ್ತ್ರಿಗೆ ತೋರಿಸಿದ. ಮುದುಕ ತಾನೇ ಓಡಿಸಿದ. ನಲವತ್ತಕ್ಕೆ ಒಯ್ದು ಕ್ಲಚ್ ಒತ್ತಿ ಇಂಜಿನ್ ಬೇರೆ ಮಾಡಿದರೂ ನಡುಕ ಇತ್ತು, ಅಂದಮೇಲೆ ಇಂಜಿನ್ನಿನದಲ್ಲ. ಮೂರನೇ ಗೇರಿನಲ್ಲೂ ನಾಲ್ಕನೇ ಗೇರಿನಲ್ಲೂ ಅದೇ ನಲವತ್ತಕ್ಕೇ ಬಂತು, ಗೇರ್ ಬಾಕ್ಸಿನದೂ ಅಲ್ಲ. ಸ್ಟೇರಿಂಗಿನಲ್ಲಿ ಏನೂ ಇಲ್ಲ, ಮುಂದಿನ ಗಾಲಿಯದಲ್ಲ. ಇಳಿದು ಬೀಡಿ ಹಚ್ಚಿ ಹೇಳಿದ.

“ಶಾಫ್ಟಿಂದ ಬರಾಕ ಹತ್ತೈತಿ. ಕೂಡಸೋದ್ರಾಗ ಹೆಚ್ಚುಕಡಿಮಿ ಆಗೇತಿ, ಇಲ್ಲಂದ್ರ ಶಾಫ್ಟ್ ಈ ಗಾಡೀದಲ್ಲ. ಬಿಚ್ಚಿ ಅರ್ಧಾ ತಿರುವಿ ಹಾಕಿ ನೋಡೂನು?”

ಮಡಿವಾಳೆಪ್ಪನ ಕಿವಿಗೆ ಬಿದ್ದದ್ದು ನಡುವಿನ ಮಾತೊಂದೇ. ಶಾಫ್ಟ್ ಈ ಗಾಡಿಯದಲ್ಲ. ಬಿಚ್ಚುವುದು ಬೇಡ ಎಂದ, ಬಿಚ್ಚಿದರೆ ಸಾಕ್ಷಿ ಕೆಡುತ್ತದಲ್ಲ!

ಬೈಲಹೊಂಗಲಕ್ಕೆ ಬಂದವನು ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ಎಲ್ಲವನ್ನೂ ಹೊರಗೆ ಹಾಕಿದ. ರಾಮದುರ್ಗದ ಮಿಸ್ತ್ರಿ ನೋಡಿ ಹೇಳಿದ್ದಾನೆ, ನೀಲಪ್ಪ ನನ್ನ ಶಾಫ್ಟು ಬದಲಿಸಿದ್ದಾನೆ ಎಂದ. ಬೇರೆ ಯಾರು ಅಂದಿದ್ದರೂ ಜನ ನಗುತ್ತಿದ್ದರು. ಆದರೆ ನೀಲಪ್ಪನ ಎದೆಗೆಳೆಯನೇ ಅಂದನಲ್ಲ! ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿಕೊಂಡನಂತೆ, ಇಲ್ಲಿ ಗಾಡಿ ಇದ್ದವರೆಲ್ಲ ತಮ್ಮ ತಮ್ಮ ಗಾಡಿ ಮುಟ್ಟಿ ನೋಡಿಕೊಂಡರು. ಜೀಪು ಓಡಿಸುವ ಲಗಮಪ್ಪನಿಗೆ ಹೋದ ವರ್ಷ ಸುಟ್ಟ ಡೈನಮೋ ನೆನಪಾಯಿತು. ಇನ್ನೊಬ್ಬನಿಗೆ ಬ್ರೇಕು. ಹಳೆಯ ಸೀಕುಗಳೆಲ್ಲ ಒಂದೇ ದಿನ ನೀಲಪ್ಪನ ತಲೆಗೆ ಬಂದವು.

ಸುದ್ದಿ ನೀಲಪ್ಪನಿಗೂ ಮುಟ್ಟಿತು. ಎಣ್ಣೆಗೈಯಲ್ಲೇ ಸ್ಟ್ಯಾಂಡಿಗೆ ಬಂದ. ಜಗಳಕ್ಕೆ ಬಂದವನಲ್ಲ. ಎಲ್ಲರೆದುರಿಗೆ, ಬಾಯಿ ಏರಿಸದೆ ಕೇಳಿದ.

“ಗಾಡಿ ಕೊಡಲೇ ಮಡಿವಾಳ. ನಿನ್ನ ಕಣ್ಣ ಮುಂದs ಒಂದ ಸಲ ಬಿಚ್ಚಿ ನೋಡತೇನಿ.”

“ಇನ್ನೂ ಏನ ಬಿಚ್ಚಕೋಬೇಕಂತ ಮಾಡೀ?” ಎಂದ ಮಡಿವಾಳೆಪ್ಪ.

ಯಾರೋ ಕಿಸಕ್ಕೆಂದರು. ನೀಲಪ್ಪ ಕೈಯಲ್ಲಿದ್ದ ಅರಿವೆಯಿಂದ ಬೆರಳು ಒರೆಸಿಕೊಂಡು ತಿರುಗಿ ಹೋದ. ಅವತ್ತಿನಿಂದ ತಗಡಿನ ಬಾಗಿಲಿನ ಮುಂದೆ ಗಾಡಿಗಳು ಕಡಿಮೆಯಾದವು. ಬಂದ ಒಬ್ಬಿಬ್ಬರೂ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂರತೊಡಗಿದರು. ಮಡಿವಾಳೆಪ್ಪ ಕೂತಾಗ ನಗುತ್ತಿದ್ದವನಿಗೆ ಇವರು ಕೂತಾಗ ನಗು ಬರಲಿಲ್ಲ. ಕಾರ್ತಿಕ ಕಳೆಯುವುದರೊಳಗೆ ಬಾಗಿಲಿಗೆ ಬೀಗ ಹಾಕಿ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಹೋಗಿ ಕಬ್ಬು ಹೇರುವ ಲಾರಿಗಳ ಕೆಲಸಕ್ಕೆ ಸೇರಿಕೊಂಡ. ಕೋಣೆ ಮಾತ್ರ ಬಿಟ್ಟಿರಲಿಲ್ಲ. ಓಡಿಹೋದ ನೋಡು, ತಪ್ಪಿಲ್ಲದವನು ಯಾಕೆ ಓಡುತ್ತಾನೆ ಎಂದು ಮಡಿವಾಳೆಪ್ಪ ಸ್ಟ್ಯಾಂಡಿನಲ್ಲಿ ಅಂದ. ಅಂದನೇನೋ ನಿಜ, ಆದರೆ ಅವತ್ತು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದ. ಅವನಿಗೆ ಇದ್ದ ಗೆಳೆಯ ನೀಲಪ್ಪನೊಬ್ಬನೇ.

ಮನೆಯಲ್ಲಿ ಇದಾವುದರ ಬಗ್ಗೆಯೂ ಅವನು ಬಾಯಿ ಬಿಟ್ಟಿರಲಿಲ್ಲ. ತಂಗೆವ್ವನಿಗೆ ಹೇಳಿದರೆ ನೀಲಪ್ಪನ ಹೆಂಡತಿ ಶೆಟ್ಟೆವ್ವನಿಗೆ ಮುಟ್ಟುತ್ತದೆ ಎಂಬ ಸಂಶಯ. ಯಾವುದೋ ಸಾಮಾನಿನ ಸಲುವಾಗಿ ಗಂಡಸರು ಕೆಟ್ಟುಕೊಂಡಿದ್ದಾರೆ ಎಂಬಷ್ಟು ಮಾತು ಓಣಿಗೆ ಬಂದಿತ್ತು. ತಂಗೆವ್ವ ಕೇಳಿದಾಗೆಲ್ಲ, ಅಡಿಗೆ ನೋಡಿಕೋ ಹೋಗು ಎಂದು ಬಾಯಿ ಮುಚ್ಚಿಸಿದ್ದ. ಶೆಟ್ಟೆವ್ವ ಇವರ ಮನೆಯತ್ತ ಬರುವುದನ್ನೇ ಬಿಟ್ಟಿದ್ದಳು.

ಯುಗಾದಿ ಹತ್ತಿರ ಬಂದಿತ್ತು. ತಂಗೆವ್ವನ ತವರಲ್ಲಿ ಕೂಸಿಗೆ ಹೆಸರಿಡುವುದಿತ್ತು. ಗಾಡಿಯಲ್ಲಿ ಮುಂದೆ ಕೂತು, ತೊಡೆಯ ಮೇಲೆ ಹಿತ್ತಾಳೆಯ ಬುಟ್ಟಿ, ಬುಟ್ಟಿಯಲ್ಲಿ ಕೊಬ್ಬರಿ ಬಟ್ಟಲು ಇಟ್ಟುಕೊಂಡಿದ್ದಳು. ಸಂಗೊಳ್ಳಿ ದಾರಿಯಲ್ಲಿ ಮುಳ್ಳು ನಲವತ್ತಕ್ಕೆ ಬಂದದ್ದೇ ತಡ, ಕೊಬ್ಬರಿ ಬಟ್ಟಲುಗಳು ಕಟಕಟ ಎಂದು ಹಲ್ಲು ಕಡಿಯತೊಡಗಿದವು. ಇದೇನ್ರಿ ಎಂದು ಅವಳು ಕೇಳಿದಳು. ಇಷ್ಟು ತಿಂಗಳು ಒಳಗೇ ಕುದಿದದ್ದು ಒಂದೇ ಸಲಕ್ಕೆ ಉಕ್ಕಿತು. ನಿನ್ನ ಗೆಳತಿಯ ಗಂಡನ ಉಪಕಾರ ಇದು, ನನ್ನ ಮಸಿ ಹಿಡಿದ ಶಾಫ್ಟು ನುಂಗಿ ಯಾರದೋ ಹೊಳೆಯುವ ಶಾಫ್ಟು ಹಾಕಿದ್ದಾನೆ, ಹೊಳಪೇ ಸಾಕ್ಷಿ ಹೇಳುತ್ತದೆ ಎಂದು ಕೂಗಾಡಿದ.

ತಂಗೆವ್ವ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಅವನನ್ನೇ ನೋಡಿದಳು.

“ಹೊಳೀದs ಏನ ಮಾಡೀತ್ರಿ? ಪೂಜಿಗೆ ಕೂಡಸೂ ಮುಂದ ನಾನs ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕಿ ತೊಳದೇನಿ. ತುದೀಗೆ ಒಂದು ಸುಣ್ಣದ ಗೀಟ ಇತ್ತು, ಅದನ್ನೂ ಒರಸಿ ಸುತ್ತೂಕಡೆ ಈಬತ್ತಿ ಹಚ್ಚೇನಿ.”

ಮಡಿವಾಳೆಪ್ಪನ ಕಾಲು ತಾನಾಗಿ ಬ್ರೇಕಿಗೆ ಹೋಯಿತು. ಗಾಡಿ ನಿಂತಿತು, ಕೊಬ್ಬರಿ ಬಟ್ಟಲು ಸುಮ್ಮನಾದವು. ಅವನ ಗುಣ ನೋಡಿ, ಮೊದಲು ಬಂದ ಯೋಚನೆ ಏನು ಗೊತ್ತೇ? ಶೆಟ್ಟೆವ್ವ ಇವಳಿಗೆ ಹೇಳಿಕೊಟ್ಟು ಕಳಿಸಿರಬಹುದೇ ಎಂದು! ಮರುಗಳಿಗೆಯೇ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಯಿತು. ಎಷ್ಟೆಂದರೂ ಡ್ರೈವರು, ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸುಣ್ಣದ ಗೆರೆ ಅಳಿಸಿತ್ತು. ಚೀಲದಲ್ಲಿ ತಿಕ್ಕಾಡಿ ವಿಭೂತಿಯ ಪಟ್ಟೆಗಳೆಲ್ಲ ಹೋಗಿ ಎಲ್ಲೋ ಒಂದು ಕಡೆ ಒಂದೇ ಬಿಳಿ ಗೀಟು ಉಳಿದಿತ್ತು. ನೀಲಪ್ಪ ಅದನ್ನೇ ತನ್ನ ಗುರುತೆಂದು ಹಿಡಿದು ಕೂಡಿಸಿದ್ದ. ಶಾಫ್ಟು ಗ್ಯಾರೇಜಿನಲ್ಲೇ ಬಿದ್ದಿದ್ದರೆ ಗೆರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಚೀಲ ಹಿಡಿದುಕೊಂಡು ಹೋದವನು ಯಾರು? ಹೆಸರಿಡುವ ಮನೆಯಲ್ಲಿ ಎಲ್ಲರೂ ಗುಗ್ಗರಿ ತಿನ್ನುವಾಗ ಅವನು ಗೋಡೆಗೆ ಒರಗಿ ಕೂತೇ ಇದ್ದ.

ಮರುದಿನವೇ ಎಂ.ಕೆ. ಹುಬ್ಬಳ್ಳಿಗೆ ಹೋದ. ಕಬ್ಬಿನ ಲಾರಿಗಳ ಸಾಲಿನಲ್ಲಿ ನೀಲಪ್ಪ ಒಂದರ ಅಡಿಯಲ್ಲಿ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಮಡಿವಾಳೆಪ್ಪ ಆ ಕಾಲುಗಳ ಮುಂದೆ ನಿಂತು ಎಲ್ಲವನ್ನೂ ಹೇಳಿದ, ಚೀಲ ಯಾಕೆ ತಂದಿದ್ದೆ ಎಂಬುದನ್ನೂ ಬಿಡಲಿಲ್ಲ. ಆಮೇಲೆ ನೀಲಪ್ಪ ತೆವಳಿ ಹೊರಗೆ ಬಂದು, ಸುಣ್ಣ ಯಾವುದು ಈಬತ್ತಿ ಯಾವುದು ಎಂದು ನಾನೂ ಮುಟ್ಟಿ ನೋಡಲಿಲ್ಲ, ಅಷ್ಟರಮಟ್ಟಿಗೆ ತಪ್ಪು ನನ್ನದೂ ಇದೆ ಎಂದ. ಮಡಿವಾಳೆಪ್ಪನ ಗಾಡಿಯ ಅಡಿಗೆ ಹೋಗಿ, ನಾಲ್ಕು ಬೋಲ್ಟು ಬಿಚ್ಚಿ, ತಟ್ಟೆಯನ್ನು ಅರ್ಧ ಸುತ್ತು ತಿರುವಿ ಮತ್ತೆ ಬಿಗಿದ. ಇಬ್ಬರೂ ಕಿತ್ತೂರಿನ ದಾರಿಗೆ ಹೊರಟರು. ನಲವತ್ತು ಬಂತು, ಐವತ್ತು ಬಂತು, ಗಾಡಿ ಎಣ್ಣೆಯಲ್ಲಿ ಬೆರಳಾಡಿಸಿದಂತೆ ಹೊರಟಿತು. ಮಡಿವಾಳೆಪ್ಪನ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ನಾಚಿಕೆಯಾಗಿ ಹಾಗೇ ಓಡಿಸಿದ. ತಿರುಗಿ ಊರಿಗೆ ಬಾ ಎಂದು ಬೇಡಿಕೊಂಡ.

“ಕಬ್ಬಿನ ಹಂಗಾಮ ಮುಗೀತು, ನನಗೂ ಇಲ್ಲಿ ಕೆಲಸಿಲ್ಲ,” ಎಂದ ನೀಲಪ್ಪ. “ಆದ್ರ ನಾ ಬಂದು ಏನ ಮಾಡಲಿ? ಮೊದಲ ನನ್ನ ಹೋದ ಹೆಸರು ತಿರುಗಿ ಬರಲಿ. ಸ್ಟ್ಯಾಂಡಿನ್ಯಾಗ ನೀ ಅಂದದ್ದು ನೀನs ತಿರುಗಿ ಅನ್ನು. ಅವರು ನಂಬಿದ್ರ ಬಸವ ಜಯಂತಿಗೆ ಬಾಗಲಾ ತೆಗೀತೇನಿ. ಅಲ್ಲೀತನಕ ಕೋಣಿ ಬಿಡೂದಿಲ್ಲಂತ ಮಾಲಕಗ ಹೇಳೇನಿ.”

ಅದೇನು ದೊಡ್ಡ ಮಾತು ಎಂದುಕೊಂಡ ಮಡಿವಾಳೆಪ್ಪ. ಮರುದಿನ ಬೆಳಿಗ್ಗೆ ಎಲ್ಲ ಗಾಡಿಗಳೂ ಬಂದು ನಿಲ್ಲುವವರೆಗೆ ಕಾದು, ಬೇವಿನ ಗಿಡದ ಕೆಳಗೆ ನಿಂತು ಹೇಳಿದ. ತನ್ನ ಸಂಶಯ, ಗೋಣಿಚೀಲ, ತಂಗೆವ್ವನ ಹುಣಸೆಹಣ್ಣು, ವಿಭೂತಿ, ಒಂದನ್ನೂ ಮುಚ್ಚಿಡಲಿಲ್ಲ. ಮಾನ ಹೋದರೂ ಹೋಗಲಿ ಎಂದು ಹೇಳಿದ. ಎಲ್ಲರೂ ಕೇಳಿದರು. ಯಾರೂ ಹೂಂ ಅನ್ನಲಿಲ್ಲ. ಆಗ ಅವನು, ಬಾಯಿಮಾತು ಬೇಡ, ಕೂತು ನೋಡಿ ಎಂದು ಲಗಮಪ್ಪನನ್ನೂ ಮತ್ತಿಬ್ಬರನ್ನೂ ಗಾಡಿಯಲ್ಲಿ ಕೂಡಿಸಿಕೊಂಡು ಸವದತ್ತಿ ರಸ್ತೆಗೆ ಒಯ್ದ. ಬೀಗ ಬಿದ್ದ ತಗಡಿನ ಬಾಗಿಲು ದಾಟಿ, ನಲವತ್ತು ದಾಟಿ, ಅರವತ್ತು ದಾಟಿ ತೋರಿಸಿದ. ಲಗಮಪ್ಪ ಕಾಲಡಿಯ ತಗಡಿನ ಮೇಲೆ ಅಂಗೈ ಇಟ್ಟು ನೋಡಿದ, ಒಂದು ಎಳೆ ಕೂಡ ನಡುಕವಿಲ್ಲ. ಮಡಿವಾಳೆಪ್ಪ ಗೆದ್ದೆನೆಂದು ಅವನ ಮುಖ ನೋಡಿದ.

ಲಗಮಪ್ಪ ಇತರರ ಕಡೆಗೆ ತಿರುಗಿ ಹುಬ್ಬು ಹಾರಿಸಿದ. “ಅಂದ್ರ ನಿನ್ನ ಮೊದಲಿನ ಶಾಫ್ಟ್ ಅವನ ಹಂತ್ಯಾಕs ಇತ್ತು. ನೀ ಹೋಗಿ ಕುಂತ ಮ್ಯಾಲ ತಿರುಗಿ ಹಾಕಿಕೊಟ್ಟಾನ. ಈಬತ್ತಿ ಕಥಿ ಅವನ ಕಲಿಸಿದನೋ, ನೀನs ಕಟ್ಟಿದ್ಯೋ?”

ಮಡಿವಾಳೆಪ್ಪ ಉಳವಿ ಬಸವಣ್ಣನ ಆಣೆ ಮಾಡಿದ. ತಂಗೆವ್ವನನ್ನೇ ಕರೆತರುತ್ತೇನೆ, ಅವಳ ಬಾಯಿಂದಲೇ ಕೇಳಿ ಎಂದ. ಅವಳೂ ನೀಲಪ್ಪನ ಹೆಂಡತಿಯೂ ಒಂದೇ ಊರಿನವರಲ್ಲವೇ ಎಂದು ಹಿಂದಿನ ಸೀಟಿನಿಂದ ಯಾರೋ ಅಂದರು, ಎಲ್ಲರೂ ನಕ್ಕರು. ಲಗಮಪ್ಪ ಮಾತ್ರ ಕನಿಕರದಿಂದ ಅವನ ಹೆಗಲು ತಟ್ಟಿ, ಹೋಗಲಿ ಬಿಡು, ಹಳೆಯ ಗೆಳೆಯನ ಮಾನ ಉಳಿಸಲು ಇಷ್ಟು ಮಾಡುತ್ತೀ, ದೊಡ್ಡ ಮನಸ್ಸಿನವನು ನೀನು ಎಂದ. ಮಡಿವಾಳೆಪ್ಪ ಗಾಡಿಯನ್ನು ಊರ ಕಡೆ ತಿರುಗಿಸಿದ. ಇನ್ನೇನು ಹೇಳಬೇಕು? ಲಗಮಪ್ಪನ ಜಾಗದಲ್ಲಿ ತಾನು ಕೂತಿದ್ದರೆ ಅದೇ ಮಾತನ್ನು ಎಲ್ಲರಿಗಿಂತ ಮೊದಲು ತಾನೇ ಅಂದಿರುತ್ತಿದ್ದ.

ಆಮೇಲೆ ಅವನು, ನೀಲಪ್ಪನಿಗೆ ಯಾವ ಮುಖ ತೋರಿಸುವುದೆಂದು, ಎಂ.ಕೆ. ಹುಬ್ಬಳ್ಳಿಯ ಕಡೆ ಬಾಡಿಗೆ ಬಂದರೂ ಒಲ್ಲೆ ಎನ್ನುತ್ತಿದ್ದ. ಬಸವ ಜಯಂತಿಯ ದಿನ ಬೆಳಿಗ್ಗೆ ಸವದತ್ತಿ ರಸ್ತೆಯ ತಗಡಿನ ಬಾಗಿಲು ತೆರೆದಿತ್ತು. ಮಡಿವಾಳೆಪ್ಪ ಗಾಡಿ ನಿಲ್ಲಿಸಿ, ಕೀಲಿ ಹಾಕುವುದನ್ನೂ ಮರೆತು, ಓಡಿಹೋಗಿ ಒಳಗೆ ಇಣುಕಿದ. ನೀಲಪ್ಪನ ಸಾಮಾನು ಒಂದೂ ಇರಲಿಲ್ಲ, ಗುರುತಿಲ್ಲದ ಇಬ್ಬರು ಹಮಾಲರು ಸಿಮೆಂಟಿನ ಚೀಲ ಇಳಿಸಿ ಒಂದರ ಮೇಲೊಂದು ಪೇರಿಸುತ್ತಿದ್ದರು.